ಐನ್‌ಕಾರ್ನ್ ಗೋಧಿ: ಹೊಟ್ಟು ಬಿಡಿಸುವುದರಿಂದ ಬ್ರೆಡ್ಡಿನವರೆಗೆ

ಗೆಳತಿ ಚೀಲ ಕೊಡುವಾಗ ಗೋಧಿ ಅಂತಲೇ ಹೇಳಿದ್ದಳು. ಮನೆಗೆ ಬಂದು ಬಿಚ್ಚಿದರೆ ಗೋಧಿ ಕಾಣಿಸಲೇ ಇಲ್ಲ. ಒಣಹುಲ್ಲಿನ ಬಣ್ಣದ, ಚಪ್ಪಟೆಯಾದ, ಮೂತಿ ಚೂಪಾದ ಏನೋ ಒಂದು ರಾಶಿ. ಕೈ ಹಾಕಿದರೆ ಚುಚ್ಚುತ್ತಿತ್ತು. ಫೋನ್ ಮಾಡಿ, "ಬರೀ ಹೊಟ್ಟು ಕೊಟ್ಟಿದ್ದೀಯಲ್ಲೇ" ಅಂದೆ. ಅವಳು ನಕ್ಕು, "ಒಂದನ್ನ ಉಗುರಲ್ಲಿ ಬಿಡಿಸಿ ನೋಡು, ಆಮೇಲೆ ಬೈಯಿ" ಅಂದಳು.

ಬಿಡಿಸಿದೆ. ಎರಡು ಗಟ್ಟಿ ಹೊಟ್ಟು, ಪುಟ್ಟ ದೋಣಿಯ ಎರಡು ಪಕ್ಕದ ಹಾಗೆ. ಉಗುರು ನೋಯುವಷ್ಟು ಬಿಗಿ. ಅದರೊಳಗೆ ಇನ್ನೆರಡು ತೆಳು ಪೊರೆ. ಅದರೊಳಗೆ ಒಂದೇ ಒಂದು ಕಾಳು. ಪಕ್ಕದಲ್ಲಿ ಇನ್ನೊಂದು ಕಾಳಿಗೆ ಜಾಗ ಇತ್ತು, ಆದರೆ ಅದು ಖಾಲಿ. ಐನ್‌ಕಾರ್ನ್ ಅಂದರೆ ಜರ್ಮನ್ ಭಾಷೆಯಲ್ಲಿ "ಒಂಟಿ ಕಾಳು" ಅಂತಲೇ ಅರ್ಥ. ವಿಜ್ಞಾನದ ಹೆಸರು ಟ್ರಿಟಿಕಮ್ ಮೊನೊಕಾಕಮ್. ಅದರಲ್ಲೂ ಅದೇ ಒಂಟಿ ಕಾಳು ಇದೆ. ಕೆಲವು ತಳಿಗಳಲ್ಲಿ ಎರಡು ಕಾಳು ಕಟ್ಟುವುದೂ ಉಂಟು, ಆದರೆ ಒಂದೇ ಜಾಸ್ತಿ.

ಆ ಚೀಲ ಮುಗಿಸುವಷ್ಟರಲ್ಲಿ ನನ್ನ ಅಡುಗೆಮನೆ ನೋಟ್‌ಬುಕ್ಕಿನಲ್ಲಿ ಹದಿನೇಳು ಪುಟ ತುಂಬಿತು. ಅರ್ಧಕ್ಕರ್ಧ ಕೆಟ್ಟುಹೋದ ಪ್ರಯೋಗಗಳೇ. ಕೆಡಿಸಿದ್ದು ಪ್ರತಿ ಸಲವೂ ನನ್ನ ಅಭ್ಯಾಸ. ಮಾಮೂಲಿ ಗೋಧಿಗೆ ಮಾಡುವುದನ್ನೇ ಇದಕ್ಕೂ ಮಾಡುತ್ತಿದ್ದೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ "ಏನು ಮಾಡಬೇಡಿ" ಅನ್ನುವುದೇ ಸ್ವಲ್ಪ ಜಾಸ್ತಿ ಇರುತ್ತದೆ.

ಮೊದಲು, ಕೈಗೆ ಬಂದದ್ದು ಅದೇನಾ?

ಹೊಟ್ಟು ಬಿಡದ ಹಳೇ ಗೋಧಿಗಳು ಮುಖ್ಯವಾಗಿ ಮೂರು: ಐನ್‌ಕಾರ್ನ್, ಎಮ್ಮರ್, ಸ್ಪೆಲ್ಟ್. ಕನ್ನಡದಲ್ಲಿ ಜವೆಗೋಧಿ ಅಂತ ಕರೆಯುವುದು ಎಮ್ಮರ್, ಐನ್‌ಕಾರ್ನ್ ಅಲ್ಲ. ಇಟಲಿಯವರು ಮೂರಕ್ಕೂ ಫಾರೋ ಅನ್ನುತ್ತಾರೆ. ಫಾರೋ ಪಿಕ್ಕೊಲೊ ಅಂದರೆ ಐನ್‌ಕಾರ್ನ್, ಫಾರೋ ಮೆದಿಯೊ ಅಂದರೆ ಎಮ್ಮರ್, ಫಾರೋ ಗ್ರಾಂದೆ ಅಂದರೆ ಸ್ಪೆಲ್ಟ್. ಪ್ಯಾಕೆಟ್ಟಿನ ಮೇಲೆ ಬರೀ ಫಾರೋ ಅಂತಿದ್ದರೆ ಯಾವುದು ಅಂತ ಕೇಳಲೇಬೇಕು. ಫ್ರೆಂಚರು ಐನ್‌ಕಾರ್ನ್‌ಗೆ "ಪುಟ್ಟ ಸ್ಪೆಲ್ಟ್" ಅನ್ನುವ ಅರ್ಥದ ಹೆಸರಿಟ್ಟು ಗೊಂದಲ ಇನ್ನೂ ಹೆಚ್ಚಿಸಿದ್ದಾರೆ. ಟರ್ಕಿಯಲ್ಲಿ ಇದು ಸಿಯೆಜ್.

ಒಳಗಿನ ಲೆಕ್ಕದಲ್ಲಿ, ಅಂದರೆ ಜೀವಕೋಶದಲ್ಲಿರುವ ಕ್ರೋಮೋಸೋಮ್ (ವರ್ಣತಂತು) ಲೆಕ್ಕದಲ್ಲಿ, ಮೂರೂ ಬೇರೆ ಬೇರೆ. ಐನ್‌ಕಾರ್ನ್‌ನಲ್ಲಿ 14 ಕ್ರೋಮೋಸೋಮ್, ಎಮ್ಮರ್‌ನಲ್ಲಿ 28, ಸ್ಪೆಲ್ಟ್‌ನಲ್ಲಿ 42. ನಾವು ದಿನಾ ತಿನ್ನುವ ಬ್ರೆಡ್ ಗೋಧಿಯಲ್ಲೂ 42. ಅಂದರೆ ಸ್ಪೆಲ್ಟ್ ನಮ್ಮ ಮಾಮೂಲಿ ಗೋಧಿಗೆ ಹತ್ತಿರದ ನೆಂಟ, ಐನ್‌ಕಾರ್ನ್ ದೂರದ್ದು. ಸ್ಪೆಲ್ಟ್ ರೆಸಿಪಿ ತಂದು ಐನ್‌ಕಾರ್ನ್‌ಗೆ ಹಚ್ಚಿದರೆ ಯಾಕೆ ಕೈಕೊಡುತ್ತದೆ ಅನ್ನುವುದಕ್ಕೆ ಈ ಲೆಕ್ಕ ಸಾಕು.

ಹೊಟ್ಟು ತೆಗೆದ ಕಾಳು ಕೊಳ್ಳುವಾಗ ನಾನು ನೋಡುವುದು ಇಷ್ಟು. ಕಾಳು ಸಣ್ಣದಿರಬೇಕು. ಮಾಮೂಲಿ ಗೋಧಿಯ ಸಾವಿರ ಕಾಳು ಸುಮಾರು 40 ಗ್ರಾಂ ತೂಗಿದರೆ, ಇದರದ್ದು 25ರಿಂದ 30 ಗ್ರಾಂ. ಎರಡೂ ತುದಿ ಚೂಪಾಗಿರಬೇಕು. ಪಕ್ಕದಿಂದ ಅದುಮಿದ ಹಾಗೆ ಕಿರಿದಾಗಿರಬೇಕು. ಮಾಮೂಲಿ ಗೋಧಿಯ ಹೊಟ್ಟೆಯ ಕಡೆ ಚಪ್ಪಟೆಯಿದ್ದು, ನಡುವೆ ಅಗಲವಾದ ಗೀರು ಇರುತ್ತದಲ್ವಾ? ಇದರಲ್ಲಿ ಆ ಕಡೆಯೂ ಉಬ್ಬಿಕೊಂಡಿರುತ್ತದೆ, ಗೀರು ಕಿರಿದು. ಒಂದು ಸಲ ಐನ್‌ಕಾರ್ನ್ ಅಂತ ಚೀಟಿ ಅಂಟಿಸಿದ ಪ್ಯಾಕೆಟ್ ಆನ್‌ಲೈನ್‌ನಲ್ಲಿ ತರಿಸಿದ್ದೆ. ಒಳಗೆ ದುಂಡುದುಂಡಾದ ಕೆಂಪು ಕಾಳು, ನಡುವೆ ಎದ್ದು ಕಾಣುವ ಗೀರು. ಮಾರಿದವರಿಗೆ ಫೋಟೋ ಕಳಿಸಿ ಕೇಳಿದೆ. "ಮೇಡಂ, ಇದು ಪುರಾತನ ಗೋಧಿಯೇ" ಅಂತ ಒಂದೇ ಸಾಲಿನ ಉತ್ತರ ಬಂತು. ಪುರಾತನ ಅನ್ನುವುದು ಜಾತಿಯ ಹೆಸರಲ್ಲ ಅಂತ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಹಿಟ್ಟಾದರೆ ಬಣ್ಣ ನೋಡಿ. ಐನ್‌ಕಾರ್ನ್ ಹಿಟ್ಟು ಕೆನೆಹಳದಿ. ಮಾಮೂಲಿ ಗೋಧಿಹಿಟ್ಟಿನ ಪಕ್ಕದಲ್ಲಿ ಒಂದೊಂದು ಚಮಚ ಬಿಳಿ ಹಾಳೆಯ ಮೇಲೆ ಹರಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆ ಹಳದಿ ಲ್ಯೂಟಿನ್ ಅನ್ನುವ ಬಣ್ಣದ ವಸ್ತುವಿನದು. ಮಾಮೂಲಿ ಗೋಧಿಗಿಂತ ಹಲವು ಪಟ್ಟು ಜಾಸ್ತಿ ಇರುತ್ತದೆ. ಆ ಬಣ್ಣವನ್ನು ಹಾಳುಮಾಡುವ ಕಿಣ್ವಗಳು ಇದರಲ್ಲಿ ಕಡಿಮೆ. ಹಾಗಾಗಿ ನಾದಿದ ಮೇಲೂ ಹಳದಿ ಉಳಿಯುತ್ತದೆ.

ಹೊಟ್ಟು ಬಿಡಿಸುವುದು

ಹೊಟ್ಟು ತೆಗೆದದ್ದೇ ಸಿಗುತ್ತಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಆದರೆ ಒಂದು ಸಲವಾದರೂ ಕೈಯಲ್ಲಿ ಮಾಡಿ ನೋಡಿ ಅಂತ ನನ್ನ ಆಸೆ. ಆ ಕಾಳಿನ ಬಗ್ಗೆ ಇದು ಕಲಿಸುವಷ್ಟು ಇನ್ನಾವುದೂ ಕಲಿಸುವುದಿಲ್ಲ.

ಮಾಮೂಲಿ ಗೋಧಿ ಒಕ್ಕಿದರೆ ಕಾಳು ಬರಿಮೈಯಲ್ಲಿ ಉದುರುತ್ತದೆ. ಐನ್‌ಕಾರ್ನ್ ಒಕ್ಕಿದರೆ ತೆನೆಯ ದಂಟು ತುಂಡುತುಂಡಾಗಿ ಮುರಿದು, ಹೊಟ್ಟಿನ ಸಮೇತ ಕಿರುತೆನೆಗಳು ಬೀಳುತ್ತವೆ. ನನ್ನ ಚೀಲದಲ್ಲಿ ಇದ್ದದ್ದು ಅವೇ. ಆದರೆ ಗಮನಿಸಿ, ಹೊಟ್ಟು ಕಾಳಿಗೆ ಅಂಟಿಕೊಂಡಿಲ್ಲ. ಬಾರ್ಲಿಯಲ್ಲಿ ಸಿಪ್ಪೆ ಕಾಳಿಗೆ ಅಂಟಿರುತ್ತದೆ, ಉಜ್ಜಿ ಸವೆಸಬೇಕು. ಇಲ್ಲಿ ಕಾಳು ಒಳಗೆ ಸಡಿಲವಾಗೇ ಇದೆ, ಬಾಗಿಲು ಮಾತ್ರ ಭದ್ರ. ಬಾಗಿಲು ತೆಗೆಸುವುದು ನಮ್ಮ ಕೆಲಸ, ಕಾಳನ್ನು ಸವೆಸುವುದಲ್ಲ.

ಇದು ಗೊತ್ತಿಲ್ಲದೆ ನಾನು ಮೊದಲು ಮಿಕ್ಸಿಗೆ ಹಾಕಿದೆ. ಐದು ಸೆಕೆಂಡ್ ತಿರುಗಿಸಿ ತೆಗೆದರೆ ಹೊಟ್ಟು ಹಾಗೇ ಇತ್ತು, ಕಾಳು ಮಾತ್ರ ಎರಡು ತುಂಡು. ಬ್ಲೇಡು ಕತ್ತರಿಸುತ್ತದೆ, ಬಿಡಿಸುವುದಿಲ್ಲ. ಎರಡನೇ ಸಲ ಕಲ್ಲಿನ ಒರಳಿಗೆ ಒಂದು ಹಿಡಿ ಹಾಕಿ ಕಲ್ಲಿನ ಗುಂಡಿನಿಂದ ಕುಟ್ಟಿದೆ. ಅದೂ ನುಚ್ಚಾಯಿತು.

ಅತ್ತೆ ಅಷ್ಟು ಹೊತ್ತು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಒಣಗಿದ್ದನ್ನೇ ಕುಟ್ಟುತ್ತಿದ್ದೀಯಲ್ಲಮ್ಮಾ. ಒಂಚೂರು ನೀರು ಚಿಮುಕಿಸಿ ಮುಚ್ಚಿಡು. ಹೊಟ್ಟು ಮೆತ್ತಗಾಗಲಿ. ಮತ್ತೆ ಒಂದು ಹಿಡಿ ಹಾಕಿದರೆ ಸಾಲದು, ಒರಳು ತುಂಬಾ ಹಾಕು."

"ತುಂಬಾ ಹಾಕಿದರೆ ಪೆಟ್ಟು ಎಲ್ಲಕ್ಕೂ ಬೀಳಲ್ಲ ಅಲ್ವಾ ಅತ್ತೆ?"

"ಪೆಟ್ಟು ಬೀಳಬಾರದು ಕಣೇ. ಒಂದಕ್ಕೊಂದು ಉಜ್ಜಬೇಕು."

ಅವರು ಐನ್‌ಕಾರ್ನ್ ಹೆಸರನ್ನೇ ಕೇಳಿರಲಿಲ್ಲ. ಆದರೆ ಕಾಳಿನ ಸ್ವಭಾವ ಕೈಗೆ ಗೊತ್ತಿತ್ತು. ಈಗ ನಾನು ಮಾಡುವ ಕ್ರಮ ಹೀಗಿದೆ.

ಅರ್ಧ ಕಿಲೋ ಕಿರುತೆನೆಗೆ 50 ಎಂ.ಎಲ್. ನೀರು ಚಿಮುಕಿಸಿ, ಕೈಯಲ್ಲಿ ಕಲೆಸಿ, 15 ನಿಮಿಷ ಮುಚ್ಚಿಡುತ್ತೇನೆ. ಜಾಸ್ತಿ ಹೊತ್ತು ಬಿಟ್ಟರೆ ನೀರು ಕಾಳಿಗೂ ಇಳಿದು, ಕುಟ್ಟುವಾಗ ಕಾಳು ಚಪ್ಪಟೆಯಾಗುತ್ತದೆ. ಹೊರಗೆ ತೇವ, ಒಳಗೆ ಒಣಗು. ಅದು ಸರಿಯಾದ ಹದ. ಒರಳಿನ ಮುಕ್ಕಾಲು ಭಾಗ ತುಂಬಿಸಿ, ಮರದ ಒನಕೆಯಿಂದ ಕುಟ್ಟಬೇಕು. ಕಬ್ಬಿಣದ ಬಳೆ ಹಾಕಿದ ಒನಕೆ ಬೇಡ, ಅದು ಕಾಳು ಒಡೆಯುತ್ತದೆ. ಎತ್ತಿ ಬಡಿಯುವುದಲ್ಲ. ಒನಕೆಯ ಭಾರದಲ್ಲೇ ಇಳಿಯಬಿಟ್ಟು, ಇಳಿದಾಗ ಸ್ವಲ್ಪ ತಿರುವಬೇಕು. ಹತ್ತು ನಿಮಿಷಕ್ಕೆ ಸದ್ದು ಬದಲಾಗುತ್ತದೆ. ಮೊದಲು ಕರಕರ ಅನ್ನುತ್ತಿದ್ದದ್ದು ಮೆತ್ತಗೆ ದಪ್‌ದಪ್ ಅನ್ನತೊಡಗುತ್ತದೆ. ಆಗ ನಿಲ್ಲಿಸಿ.

ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ತೇವ ಇರುವಾಗ ಕೇರಿದರೆ ಹೊಟ್ಟು ಹಾರುವುದಿಲ್ಲ, ಸುಮ್ನೆ ತೋಳು ನೋವು. ಒಣಗಿದ ಮೇಲೆ ಮೊರದಲ್ಲಿ ಕೇರಿದರೆ ಹೊಟ್ಟು ಮುಂದಕ್ಕೆ ಹಾರಿ, ಕಾಳು ಹಿಂದಕ್ಕೆ ಬರುತ್ತದೆ. ಬಾಯಿ ತೆರೆಯದ ಕಿರುತೆನೆಗಳು ಮೇಲೆ ಬಂದು ಕೂರುತ್ತವೆ. ಅವನ್ನು ಬೇರೆ ಮಾಡಿ ಮತ್ತೆ ಒರಳಿಗೆ. ಮೂರು ಸುತ್ತಿಗೆ ನೂರಕ್ಕೆ ತೊಂಬತ್ತು ಬಿಟ್ಟಿರುತ್ತವೆ. ಉಳಿದದ್ದನ್ನು ಕೈಯಲ್ಲಿ ಆರಿಸಿ ಬಿತ್ತನೆಗೆ ಇಟ್ಟುಕೊಳ್ಳಿ.

ನನಗೆ ಅರ್ಧ ಕಿಲೋ ಕಿರುತೆನೆಯಿಂದ ಸಿಕ್ಕ ಕಾಳು 340 ಗ್ರಾಂ, ಜೊತೆಗೆ ಒಂದಿಷ್ಟು ನುಚ್ಚು. ಮೂರರಲ್ಲಿ ಒಂದು ಭಾಗ ಹತ್ತಿರ ಹತ್ತಿರ ಹೊಟ್ಟಿಗೇ ಹೋಯಿತು. ಹೊಟ್ಟಿನ ಸಮೇತ ಕೊಳ್ಳುವವರು ಈ ಲೆಕ್ಕ ಇಟ್ಟುಕೊಳ್ಳಬೇಕು.

ಜಾಸ್ತಿ ಇದ್ದರೆ ಕೈ ಗಿರಣಿಯೇ ವಾಸಿ. ತಟ್ಟೆಗಳಿರುವ ಗಿರಣಿಯಲ್ಲಿ ಒಂದು ಉಕ್ಕಿನ ತಟ್ಟೆ ತೆಗೆದು ಅದೇ ಅಳತೆಯ ರಬ್ಬರ್ ತಟ್ಟೆ ಹಾಕಬೇಕು. ನಡುವಿನ ಸಂದನ್ನು ಕಿರುತೆನೆಯ ದಪ್ಪಕ್ಕಿಂತ ಒಂಚೂರು ಕಮ್ಮಿ ಇಡಬೇಕು. ರಬ್ಬರ್ ಹೊಟ್ಟನ್ನು ಹಿಡಿದು ತಿರುಚುತ್ತದೆ, ಕಾಳು ಜಾರಿಕೊಳ್ಳುತ್ತದೆ. ಭತ್ತದ ಹೊಟ್ಟು ತೆಗೆಯುವ ರಬ್ಬರ್ ರೋಲರ್ ಯಂತ್ರದ ಉಪಾಯವೂ ಇದೇ.

ಇಷ್ಟು ಕಷ್ಟ ಯಾರು ಪಟ್ಟರು ಅಂತ

ಮೂರನೇ ಸುತ್ತು ಕುಟ್ಟುವಾಗ ತಲೆಗೆ ಬಂದ ಪ್ರಶ್ನೆ ಇದು. ಒರಳಿನಿಂದ ಎದ್ದು ಓದಲು ಕೂತೆ.

ಮನುಷ್ಯರು ಮೊಟ್ಟಮೊದಲು ಪಳಗಿಸಿದ ಬೆಳೆಗಳಲ್ಲಿ ಐನ್‌ಕಾರ್ನ್ ಒಂದು. ಸುಮಾರು 10,000 ವರ್ಷಗಳ ಹಿಂದಿನ ಮಾತು. 1997ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು, ಪಳಗಿದ ಐನ್‌ಕಾರ್ನ್‌ಗೆ ತೀರಾ ಹತ್ತಿರದ ಕಾಡು ಗಿಡಗಳು ಆಗ್ನೇಯ ಟರ್ಕಿಯ ಕರಾಜದಾಗ್ ಬೆಟ್ಟದ ಆಸುಪಾಸಿನವು ಅಂತ ತೋರಿಸಿತು. ಕಾಡು ಐನ್‌ಕಾರ್ನ್ ಹಣ್ಣಾದರೆ ತೆನೆ ತಾನೇ ಚೂರಾಗಿ ನೆಲಕ್ಕೆ ಉದುರುತ್ತದೆ. ಪಳಗಿದ್ದರಲ್ಲಿ ತೆನೆ ಕೊಯ್ಯುವ ತನಕ ತಡೆಯುತ್ತದೆ. ಮುಖ್ಯವಾಗಿ ಬದಲಾದದ್ದು ಅದು, ಹೊಟ್ಟು ಬದಲಾಗಲಿಲ್ಲ. ಆ ಹೊಟ್ಟು ಗಿಡಕ್ಕೆ ಒಳ್ಳೆಯದೇ. ಹುಳ, ಬೂಷ್ಟು, ತೇವ ಯಾವುದೂ ಕಾಳಿಗೆ ಸುಲಭವಾಗಿ ತಾಗುವುದಿಲ್ಲ. ಕಷ್ಟ ನಮಗೆ ಮಾತ್ರ. ಸುಲಭವಾಗಿ ಒಕ್ಕಬಹುದಾದ ಗೋಧಿಗಳು ಬಂದ ಮೇಲೆ ಜನ ಆ ಕಡೆ ಹೊರಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನನ್ನ ತೋಳನ್ನು ಕೇಳಿದ್ದರೂ ಅದನ್ನೇ ಹೇಳುತ್ತಿತ್ತು.

1960ರ ದಶಕದಲ್ಲಿ ಜ್ಯಾಕ್ ಹಾರ್ಲನ್ ಅನ್ನುವ ಅಮೆರಿಕದ ಸಸ್ಯವಿಜ್ಞಾನಿ ಅದೇ ಪ್ರದೇಶಕ್ಕೆ ಹೋಗಿ ಕಾಡು ಐನ್‌ಕಾರ್ನ್ ಕೊಯ್ದು ನೋಡಿದರು. ಕೈಯಲ್ಲೂ ಕಿತ್ತರು, ಚಕಮಕಿ ಕಲ್ಲಿನ ಅಲಗು ಕೂರಿಸಿದ ಕುಡುಗೋಲಿನಲ್ಲೂ ಕೊಯ್ದರು. ಗಂಟೆಗೆ ಹೆಚ್ಚುಕಮ್ಮಿ ಒಂದು ಕಿಲೋ ಶುದ್ಧ ಕಾಳು ಬರುವಷ್ಟು ಸಿಕ್ಕಿತು. ಒಂದು ಕುಟುಂಬ ಮೂರು ವಾರ ದುಡಿದರೆ ವರ್ಷಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಕೂಡಿಡಬಹುದು ಅಂತ ಅವರ ಲೆಕ್ಕ. ಕೊಯ್ಲು ಅಂದುಕೊಂಡಷ್ಟು ಕಷ್ಟವಲ್ಲ ಅಂತಾಯಿತು. ಕುಟ್ಟುವ ಕೆಲಸ ಮಾತ್ರ ವರ್ಷಪೂರ್ತಿ ಮನೆಯಲ್ಲಿ ಕಾದಿರುತ್ತಿತ್ತು.

1991ರ ಸೆಪ್ಟೆಂಬರ್‌ನಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ಓಟ್ಜಿ ನಿಮಗೆ ನೆನಪಿರಬಹುದು. ಸುಮಾರು 5,300 ವರ್ಷ ಹಿಂದಿನ ಮನುಷ್ಯ. ಅವನ ಹೊಟ್ಟೆಯಲ್ಲಿ ಕಾಡುಮೇಕೆ ಮತ್ತು ಜಿಂಕೆಯ ಮಾಂಸದ ಜೊತೆ ಐನ್‌ಕಾರ್ನ್ ಸಿಕ್ಕಿತು. ಅವನ ಕೊನೆಯ ಊಟದ ಕಾಳನ್ನೂ ಯಾರೋ ಹೊಟ್ಟು ಬಿಡಿಸಿ ಕೊಟ್ಟಿದ್ದರು.

ಇಡೀ ಕಾಳು ಬೇಯಿಸುವುದು

ಇದು ಎಲ್ಲಕ್ಕಿಂತ ಸುಲಭ. ಹೊಸಬರು ಇಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಅಭಿಪ್ರಾಯ. ಹಿಟ್ಟಿನ ತಕರಾರು ಒಂದೂ ಇಲ್ಲ.

200 ಗ್ರಾಂ ಕಾಳನ್ನು ರಾತ್ರಿ ನೆನೆಸಿಡಿ. ಬೆಳಿಗ್ಗೆ ಬಸಿದು, ಧಾರಾಳ ನೀರಿನಲ್ಲಿ ಒಂದು ಚಿಟಿಕೆ ಉಪ್ಪು ಹಾಕಿ 25 ನಿಮಿಷ ಕುದಿಸಿ. ನೆನೆಸದಿದ್ದರೆ 35ರಿಂದ 40 ನಿಮಿಷ ಹಿಡಿಯುತ್ತದೆ. ಅಳತೆ ನೀರಿಡುವ ಗೋಜು ಬೇಡ. ಜಾಸ್ತಿ ನೀರಿನಲ್ಲಿ ಬೇಯಿಸಿ ಬಸಿದುಬಿಡಿ. 20ನೇ ನಿಮಿಷದಿಂದ ಒಂದೊಂದು ಕಾಳು ತೆಗೆದು ಕಚ್ಚಿ ನೋಡಿ. ಹಲ್ಲಿಗೆ ಸ್ವಲ್ಪ ತಡೆಯಬೇಕು, ನಡುವೆ ಬಿಳಿ ಚುಕ್ಕಿ ಇರಬಾರದು. ಪ್ರೆಷರ್ ಕುಕ್ಕರ್‌ನಲ್ಲಿ ಒಂದು ಸಲ ಇಟ್ಟೆ. ಕಾಳು ಸಣ್ಣದು, ಮೆತ್ತಗಿನದು. ಬಾಯಿ ಒಡೆದು ಗಂಜಿಯಾಯಿತು. ಗಂಜಿ ರುಚಿಯಾಗೇ ಇತ್ತು, ಆ ಮಾತು ಬೇರೆ.

ಬೆಂದ ಕಾಳನ್ನು ಬಸಿದ ತಕ್ಷಣ ಅಗಲ ತಟ್ಟೆಗೆ ಹರಡಿ. ಪಾತ್ರೆಯಲ್ಲೇ ಬಿಟ್ಟರೆ ಒಂದಕ್ಕೊಂದು ಅಂಟುತ್ತವೆ. ರುಚಿ ಸ್ವಲ್ಪ ಸಿಹಿ, ಹುರಿದ ಬೀಜದ ಘಮ. ಮೊದಲ ತುತ್ತಿಗೆ ನಾನು ಏನನ್ನೂ ಬೆರೆಸಲಿಲ್ಲ. ನೀವೂ ಬೆರೆಸಬೇಡಿ.

ಹಿಟ್ಟು ಮಾಡಿಸುವುದು, ಇಡುವುದು

ಕಾಳು ಮೆತ್ತಗಿರುವುದರಿಂದ ಬೇಗ ಪುಡಿಯಾಗುತ್ತದೆ. ಮನೆ ಗಿರಣಿಯಾದರೆ ಸಂದು ಸ್ವಲ್ಪ ಬಿಗಿ ಮಾಡಿ. ಮಾಮೂಲಿ ಗೋಧಿಗೆ ಇಟ್ಟ ಸಂದಿನಲ್ಲಿ ಸಣ್ಣ ಕಾಳು ಹಾಗೇ ಜಾರಿ ಬರುತ್ತದೆ. ಹಿಟ್ಟು ಬಿಸಿಯಾಗಲು ಬಿಡಬೇಡಿ. ಬಿಸಿಗೂ ಬೆಳಕಿಗೂ ಆ ಹಳದಿ ಕರಗುತ್ತಾ ಹೋಗುತ್ತದೆ. ಇದರಲ್ಲಿ ಕೊಬ್ಬಿನ ಅಂಶವೂ ತುಸು ಜಾಸ್ತಿ. ಇಡೀ ಕಾಳಿನ ಹಿಟ್ಟನ್ನು ಹೊರಗಿಟ್ಟರೆ ಕಮಟು ವಾಸನೆ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಕಾಳನ್ನು ಹೊಟ್ಟಿನ ಸಮೇತ ಇಟ್ಟು, ಬೇಕಾದಷ್ಟೇ ಬಿಡಿಸಿ ಬೀಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಪ್ಯಾಕಿಂಗ್ ಪ್ರಕೃತಿಯೇ ಮಾಡಿ ಕೊಟ್ಟಿದೆ, ಬಿಚ್ಚುವ ಅವಸರ ಯಾಕೆ?

ನಾದುವುದು: ಇಲ್ಲೇ ಎಲ್ಲರೂ ಸೋಲುವುದು

ನೋಟ್‌ಬುಕ್ಕಿನ ಐದನೇ ಪುಟ. "500 ಗ್ರಾಂ ಹಿಟ್ಟು, 375 ನೀರು. ಅಂಟು. ಹಿಟ್ಟು ಸೇರಿಸಿದೆ. ಅಂಟು. ಮತ್ತೆ ಸೇರಿಸಿದೆ. 20 ನಿಮಿಷ ನಾದಿದೆ. ಗೋಂದು." ಅದರ ಕೆಳಗೆ ನನ್ನ ಗಂಡನ ಕೈಬರಹದಲ್ಲಿ: "ಗೋಡೆಗೆ ಪೋಸ್ಟರ್ ಅಂಟಿಸಬಹುದು."

ಆವತ್ತಿನ ಬ್ರೆಡ್ಡು ಹೊರಗೆ ಇಟ್ಟಿಗೆ, ಒಳಗೆ ಹಸಿ.

ಆದದ್ದು ಏನು ಅಂದರೆ, ಐನ್‌ಕಾರ್ನ್‌ನಲ್ಲಿ ಪ್ರೋಟೀನ್ ಕಮ್ಮಿ ಇಲ್ಲ, ಮಾಮೂಲಿ ಗೋಧಿಗಿಂತ ಜಾಸ್ತಿಯೇ ಇರುತ್ತದೆ. ನಾದಿದ ಹಿಟ್ಟಿಗೆ ಹಿಡಿತ ಕೊಡುವ ಗ್ಲುಟನ್ ಅನ್ನುವ ಪ್ರೋಟೀನ್ ಕೂಡ ಇದೆ. ಆದರೆ ಅದರ ಬೆರಕೆ ಬೇರೆ. ಗ್ಲುಟನ್‌ನಲ್ಲಿ ಎರಡು ಪಾಲು. ಗ್ಲಯಾಡಿನ್ ಹಿಟ್ಟಿಗೆ ಹರಿಯುವ, ಅಂಟುವ ಗುಣ ಕೊಡುತ್ತದೆ. ಗ್ಲುಟೆನಿನ್ ಎಳೆದರೆ ಹಿಂದಕ್ಕೆ ಬರುವ ಕಸುವು ಕೊಡುತ್ತದೆ. ಬ್ರೆಡ್ ಗೋಧಿಯಲ್ಲಿ ಎರಡೂ ಹತ್ತಿರ ಹತ್ತಿರ ಸಮ. ಐನ್‌ಕಾರ್ನ್‌ನಲ್ಲಿ ಗ್ಲಯಾಡಿನ್ ಸುಮಾರು ಎರಡು ಪಟ್ಟು. ಎಷ್ಟೇ ನಾದಿದರೂ ಇಲ್ಲದ ಕಸುವು ಬರುವುದಿಲ್ಲ. ಇದ್ದ ಚೂರುಪಾರೂ ಹರಿದುಹೋಗುತ್ತದೆ.

ಎರಡನೇ ವಿಷಯ, ಈ ಹಿಟ್ಟು ನೀರನ್ನು ನಿಧಾನವಾಗಿ ಕುಡಿಯುತ್ತದೆ, ಕುಡಿಯುವುದೂ ಕಮ್ಮಿ. ಕಲೆಸಿದ ತಕ್ಷಣ ನೀರು ಜಾಸ್ತಿಯಾಯಿತು ಅನ್ನಿಸುತ್ತದೆ. ಕೈ ತಾನಾಗೇ ಹಿಟ್ಟಿನ ಡಬ್ಬಿಗೆ ಹೋಗುತ್ತದೆ. ಅಲ್ಲೇ ತಡೆಯಬೇಕು. ನಾನು ಈಗ ಕಲೆಸಿ, ಕೈ ತೊಳೆದು, ಅಡುಗೆಮನೆಯಿಂದಲೇ ಹೊರಗೆ ಬರುತ್ತೇನೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಅದೇ ಹಿಟ್ಟು ಒಂದು ಮುದ್ದೆಯಾಗಿ ಕೂತಿರುತ್ತದೆ.

ಬ್ರೆಡ್ಡಿಗೆ ನನ್ನ ಈಗಿನ ಅಳತೆ ಇದು. ಇಡೀ ಕಾಳಿನ ಹಿಟ್ಟು 500 ಗ್ರಾಂ, ನೀರು 315 ಗ್ರಾಂ, ಉಪ್ಪು 9 ಗ್ರಾಂ, ಒಣ ಯೀಸ್ಟ್ 4 ಗ್ರಾಂ. ನೀರನ್ನೂ ತಕ್ಕಡಿಯಲ್ಲೇ ತೂಗಿ, ಲೋಟದ ಲೆಕ್ಕ ಬೇಡ. ಇಲ್ಲಿ 20 ಗ್ರಾಂ ಹೆಚ್ಚುಕಮ್ಮಿಯಾದರೆ ಫಲಿತಾಂಶವೇ ಬೇರೆ. ಎಲ್ಲಾ ಸೇರಿಸಿ ಮರದ ಚಮಚದಲ್ಲಿ ಒಣ ಹಿಟ್ಟು ಕಾಣದಷ್ಟು ಕಲೆಸಿ. ನಾದಬೇಡಿ. ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಒದ್ದೆ ಕೈಯಲ್ಲಿ ನಾಲ್ಕೂ ಕಡೆಯಿಂದ ಎತ್ತಿ ನಡುವಿಗೆ ಮಡಚಿ, ನಾಲ್ಕು ಸಲ ಸಾಕು. ಇನ್ನೊಂದು ಅರ್ಧ ಗಂಟೆ ಬಿಟ್ಟು ಮತ್ತೆ ನಾಲ್ಕು ಮಡಿಕೆ. ನಂತರ ಎಣ್ಣೆ ಸವರಿದ ಟಿನ್ನಿಗೆ ಹಾಕಿ, ಒದ್ದೆ ಚಮಚದ ಹಿಂಭಾಗದಿಂದ ಮೇಲ್ಭಾಗ ನಯ ಮಾಡಿ.

ಟಿನ್ ಯಾಕೆ ಅಂದರೆ, ಗೋಡೆ ಇಲ್ಲದಿದ್ದರೆ ಈ ಹಿಟ್ಟು ನಿಲ್ಲುವುದಿಲ್ಲ. ದುಂಡಗೆ ಕಟ್ಟಿ ತಟ್ಟೆಯಲ್ಲಿಟ್ಟೆ ಒಂದು ಸಲ, ದೋಸೆಯ ಹಾಗೆ ಹರಡಿಕೊಂಡಿತು.

ಉಬ್ಬುವುದನ್ನು ಕಾಯುವಾಗಲೂ ಅಭ್ಯಾಸ ಮೋಸ ಮಾಡುತ್ತದೆ. ಮಾಮೂಲಿ ಹಿಟ್ಟು ಎರಡರಷ್ಟಾಗಲಿ ಅಂತ ಕಾಯುತ್ತೇವೆ. ಇದು ಒಂದೂವರೆಯಷ್ಟಾದರೆ ಒಲೆಗೆ ಹೋಗಬೇಕು. ಸಾಧಾರಣ ಸೆಕೆಯಲ್ಲಿ 40ರಿಂದ 50 ನಿಮಿಷ. ಮೇಲೆ ಸೂಜಿತೂತಿನಂಥ ಚುಕ್ಕಿಗಳು ಕಾಣಿಸಿದರೆ ಆಗಲೇ ತಡವಾಗಿದೆ, ಗಾಳಿ ಹೊರಗೆ ಹೋಗುತ್ತಿದೆ ಅಂತ ಅರ್ಥ. ಒಂಬತ್ತನೇ ಪುಟದ ಬ್ರೆಡ್ಡು ಓವನ್‌ನಲ್ಲಿ ನನ್ನ ಕಣ್ಣೆದುರೇ ನಡು ಕುಸಿದು ತೊಟ್ಟಿಲಾಯಿತು. ಫೋನಿನಲ್ಲಿ ಮಾತಾಡುತ್ತಾ ಹದಿನೈದು ನಿಮಿಷ ಜಾಸ್ತಿ ಬಿಟ್ಟಿದ್ದೆ, ಅಷ್ಟೇ.

200 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ನಿಮಿಷ ಬೇಯಿಸಿ. ಥರ್ಮಾಮೀಟರ್ ಇದ್ದರೆ ನಡುವಿನ ಶಾಖ 95 ಡಿಗ್ರಿ ತಲುಪಿದೆಯಾ ನೋಡಿ. ತೆಗೆದು ಪೂರ್ತಿ ತಣ್ಣಗಾಗುವ ತನಕ ಕೊಯ್ಯಬೇಡಿ. ಬಿಸಿಯಲ್ಲಿ ಕೊಯ್ದರೆ ಚಾಕುವಿಗೆ ಅಂಟಿ, ಬೆಂದಿಲ್ಲವೇನೋ ಅನ್ನಿಸುತ್ತದೆ. ಯೀಸ್ಟ್ ಬದಲು ಹುಳಿಹಿಟ್ಟಿನಲ್ಲಿ (ಸೋರ್‌ಡೋ) ಮಾಡುವವರು ಎಳೆ ಹುಳಿ, ಅಂದರೆ ಜಾಸ್ತಿ ಹುಳಿಯದ್ದನ್ನು ಬಳಸಿ. ಹುಳಿ ಜಾಸ್ತಿಯಾದರೆ ಮೊದಲೇ ಸೋತ ಗ್ಲುಟನ್ ಇನ್ನೂ ಸೋಲುತ್ತದೆ.

ಬರುವ ಬ್ರೆಡ್ಡು ಎತ್ತರ ಕಮ್ಮಿ, ಒತ್ತಾದ ತೂತು, ಬಣ್ಣ ಮೊಟ್ಟೆ ಹಾಕಿದ ಹಾಗೆ ಹಳದಿ. ಅದೇ ಅದರ ರೂಪ. ಅಂಗಡಿ ಬ್ರೆಡ್ಡಿನ ಎತ್ತರಕ್ಕೆ ಹೋಲಿಸಿ ಬೇಜಾರಾಗಬೇಡಿ.

ರೊಟ್ಟಿ ಲಟ್ಟಿಸುವುದಾದರೆ 500 ಗ್ರಾಂ ಹಿಟ್ಟಿಗೆ ನೀರು 250ರ ಆಸುಪಾಸು. 20 ನಿಮಿಷ ಬಿಟ್ಟು, ಅದುಮದೆ ಹಗುರ ಕೈಯಲ್ಲಿ ಲಟ್ಟಿಸಿ. ಅಂಚು ಸೀಳುತ್ತದೆ, ಸೀಳಲಿ. ಬಿಸ್ಕತ್ತು, ಕೇಕಿಗೆ ಮಾತ್ರ ಇದು ಹೇಳಿ ಮಾಡಿಸಿದ ಹಿಟ್ಟು. ಅಲ್ಲಿ ಗ್ಲುಟನ್‌ನ ಕಸುವು ಬೇಡವೇ ಬೇಡ ಅಲ್ವಾ? ಮೈದಾದ ತೂಕದಷ್ಟೇ ಹಾಕಿ, ಹಾಲು ನೀರು ಏನಿದ್ದರೂ ನೂರಕ್ಕೆ ಹದಿನೈದರಷ್ಟು ಕಮ್ಮಿ ಮಾಡಿ. ನನ್ನ ಹದಿನೇಳು ಪುಟಗಳಲ್ಲಿ ಮೊದಲ ಸಲಕ್ಕೇ ಗೆದ್ದದ್ದು ಬಿಸ್ಕತ್ತು ಒಂದೇ.

ಯಾರು ತಿನ್ನಬಾರದು

ಇದನ್ನು ಮೆಲ್ಲಗೆ ಹೇಳಲಾರೆ. ಸೀಲಿಯಾಕ್ ಕಾಯಿಲೆ, ಅಂದರೆ ಗ್ಲುಟನ್ ತಿಂದರೆ ಕರುಳಿಗೆ ಪೆಟ್ಟಾಗುವ ಕಾಯಿಲೆ ಇದ್ದವರಿಗೆ ಐನ್‌ಕಾರ್ನ್ ಸುರಕ್ಷಿತವಲ್ಲ. ಹಳೇ ಗೋಧಿ, 14 ಕ್ರೋಮೋಸೋಮ್, ಹಾಗಾಗಿ ಗ್ಲುಟನ್ ಇಲ್ಲ ಅಂತ ಒಬ್ಬ ಮಾರಾಟಗಾರರು ನನಗೇ ಫೋನಿನಲ್ಲಿ ಹೇಳಿದ್ದರು. ತಪ್ಪು. ಸೀಲಿಯಾಕ್‌ನಲ್ಲಿ ತೊಂದರೆ ಕೊಡುವ ಒಂದು ಹೆಸರಾಂತ ಪ್ರೋಟೀನ್ ತುಣುಕು ಬ್ರೆಡ್ ಗೋಧಿಯ ಡಿ ಜೀನೋಮ್ ಅನ್ನುವ ಕ್ರೋಮೋಸೋಮ್ ಗುಂಪಿನಿಂದ ಬರುತ್ತದೆ. ಆ ಜೀನೋಮ್ ಐನ್‌ಕಾರ್ನ್‌ನಲ್ಲಿಲ್ಲ, ಇದು ನಿಜ. ಆದರೆ ತೊಂದರೆ ಕೊಡುವ ಬೇರೆ ತುಣುಕುಗಳು ಇದ್ದೇ ಇವೆ. ಗೋಧಿ ಅಲರ್ಜಿ ಇರುವವರಿಗೂ ಇದು ಗೋಧಿಯೇ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ ಅನ್ನುವ ಮಾತನ್ನೂ ನಂಬಬೇಡಿ. ಇದರಲ್ಲೂ ಪಿಷ್ಟವೇ (ಸ್ಟಾರ್ಚ್) ಬಹುಪಾಲು.

ಕುಂಡದಲ್ಲಿ ಒಂದು ಹಿಡಿ

ಕೇರುವಾಗ ಉಳಿದ ಕಿರುತೆನೆಗಳನ್ನು ಹೊಟ್ಟಿನ ಸಮೇತವೇ ಬಿತ್ತಬಹುದು. ಬಿಡಿಸುವುದೇ ಬೇಡ. ಕುಟ್ಟಿದ ಕಾಳಿಗೆ ಮೊಳಕೆಯ ಕಡೆ ಪೆಟ್ಟಾಗಿರುತ್ತದೆ. 3 ಸೆಂಟಿಮೀಟರ್ ಆಳ, ಬಿಸಿಲು ಬೀಳುವ ಜಾಗ. ಕೆಲವು ತಳಿಗಳಿಗೆ ಚಳಿ ತಾಗದಿದ್ದರೆ ತೆನೆ ಬರುವುದಿಲ್ಲ, ಬರೀ ಹುಲ್ಲಾಗಿ ಕೂರುತ್ತವೆ. ಚಳಿ ಬೇಡದ ತಳಿಗಳೂ ಇವೆ. ಬೀಜ ಕೊಟ್ಟವರನ್ನು ಮೊದಲೇ ಕೇಳಿ. ಗೊಬ್ಬರ ಜಾಸ್ತಿ ಹಾಕಬೇಡಿ. ದಂಟು ಉದ್ದ, ಕೊಬ್ಬಿದರೆ ಮಲಗಿಬಿಡುತ್ತದೆ. ಇಳುವರಿ ಕಮ್ಮಿಯೇ.

ಕಮ್ಮಿ ಇಳುವರಿ ಅಂತ ತಳಿ ತಯಾರಿಸುವವರು ಇದನ್ನು ಕೈಬಿಟ್ಟಿಲ್ಲ. ಗೋಧಿಯ ಕಾಂಡಕ್ಕೆ ಬರುವ ತುಕ್ಕು ರೋಗದಲ್ಲಿ ಯುಜಿ99 ಅನ್ನುವ ಭಯಂಕರ ಬಗೆಯೊಂದಿದೆ. ಅದನ್ನು ತಡೆಯುವ ಎಸ್‌ಆರ್35 ಜೀನ್ ಐನ್‌ಕಾರ್ನ್‌ನದು. ಅದನ್ನು 2013ರಲ್ಲಿ ಬೇರ್ಪಡಿಸಿ ಗುರುತಿಸಿದರು. ಉಪ್ಪು ನೆಲ ತಡೆಯುವ ಜೀನ್ ಕೂಡ ಇದರಿಂದಲೇ ಪಾಸ್ತಾ ಮಾಡುವ ಡ್ಯೂರಮ್ ಗೋಧಿಗೆ ಹೋಗಿದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಉಪ್ಪಿನ ಹೊಲದಲ್ಲಿ ಆ ಡ್ಯೂರಮ್‌ನ ಇಳುವರಿ ನೂರಕ್ಕೆ 25ರಷ್ಟು ಹೆಚ್ಚಿತು.

ನನ್ನ ಕುಂಡದಲ್ಲಿ ಹನ್ನೊಂದು ತೆನೆ ಬಂದವು. ಚಪ್ಪಟೆ, ಎರಡೇ ಸಾಲು, ಉದ್ದ ಮೀಸೆ. ದೂರದಿಂದ ನೋಡಿದವರು ಬಾರ್ಲಿ ಅಂದರು. ಮಾಮೂಲಿ ಗೋಧಿಯ ಗಿಡಕ್ಕಿಂತ ತಡವಾಗಿ ಹಣ್ಣಾದವು. ಕೊಯ್ದು ತಂದು ಅತ್ತೆಯ ಕೈಗೆ ಕೊಟ್ಟೆ. ಅವರು ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಒಳಗೆ ನೋಡಿದರು. ಹೊಟ್ಟಿನ ಸಮೇತ ಹಾಗೇ ಕೂತಿತ್ತು.

"ಇದು ಬಗ್ಗಲ್ಲ" ಅಂದರು. "ನೀರಿನ ತಂಬಿಗೆ ತಗೊಂಡು ಬಾ."